ಗಡಿನಾಡಿನ ಗಂಡಸರು ಮತ್ತು ಸ್ತ್ರೀವಾದ: ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಒಂದು ಅಧ್ಯಯನ

1. ವಿಷಯ ಮತ್ತು ಸೀಮೆ

ಸ್ತ್ರೀವಾದ ಹೆಂಗಸರು ಕಟ್ಟಿದ ಚಳವಳಿ. ಅದು ಎತ್ತಿದ ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಬೇಕಾಗಿ ಬಂದವರು ಗಂಡಸರು. ಹೊಲದ ಪಟ್ಟಾ, ಮನೆಯ ಯಜಮಾನಿಕೆ, ಮಠದ ಪೀಠ, ಪಂಚಾಯಿತಿಯ ಕುರ್ಚಿ, ಪತ್ರಿಕೆಯ ಪುಟ ಎಲ್ಲವೂ ಅವರ ಕೈಯಲ್ಲಿದ್ದವು. ಆದ್ದರಿಂದ ಸ್ತ್ರೀವಾದದ ಚರಿತ್ರೆಯ ಒಂದು ಭಾಗ ಗಂಡಸರ ಪ್ರತಿಕ್ರಿಯೆಯ ಚರಿತ್ರೆಯೂ ಹೌದು. ಅಮೆರಿಕದ ಸಮಾಜಶಾಸ್ತ್ರಜ್ಞ ಮೈಕೆಲ್ ಕಿಮ್ಮೆಲ್ 1987ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ತಮ್ಮ ನಾಡಿನ ಗಂಡಸರ ಪ್ರತಿಕ್ರಿಯೆಯನ್ನು ಮೂರಾಗಿ ವಿಂಗಡಿಸಿದರು: ಸ್ತ್ರೀವಾದವನ್ನು ನೇರವಾಗಿ ವಿರೋಧಿಸಿದವರು, ಗಂಡಸುತನವೇ ಅಪಾಯದಲ್ಲಿದೆಯೆಂದು ಅದರ ಉದ್ಧಾರಕ್ಕೆ ಹೊರಟವರು, ಸ್ತ್ರೀವಾದದ ಜೊತೆ ನಿಂತವರು. ಈ ವಿಂಗಡಣೆ ಬೇರೆ ನಾಡುಗಳ ಅಧ್ಯಯನಕ್ಕೂ ನೆರವಾಗಿದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ದಂಡೆಯ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಗೆ ಈ ಮೂರು ಬಗೆಗಳು ಸಾಲವು. ಇಲ್ಲಿ ಬಹುಕಾಲ ಮೇಲುಗೈ ಪಡೆದದ್ದು ನಾಲ್ಕನೆಯ ಬಗೆ. ಅದನ್ನು ಪೋಷಕ ಬೆಂಬಲ ಎಂದು ಕರೆಯಬಹುದು. ಹೆಣ್ಣಿನ ಕಷ್ಟಕ್ಕೆ ಮರುಗಿ, ಅವಳಿಗೆ ಓದು, ರಕ್ಷಣೆ, ನೆರವು ಕೊಡಲು ಮುಂದಾಗಿ, ಕೊಡುವ ಅಧಿಕಾರವನ್ನು ಮಾತ್ರ ತನ್ನಲ್ಲೇ ಉಳಿಸಿಕೊಳ್ಳುವ ನಿಲುವು ಇದು. ಈ ಬೆಂಬಲದಿಂದ ಹೆಂಗಸರಿಗೆ ದೊರೆತದ್ದು ಸಣ್ಣದಲ್ಲ. ಆದರೆ ಭೂಮಿ, ಹೆಸರು, ಅಧಿಕಾರ ಹಂಚಿಕೊಳ್ಳಬೇಕಾದ ಕಡೆ ಅದು ನಿಂತುಹೋಗುತ್ತದೆ ಎಂಬುದು ಈ ಲೇಖನದ ವಾದ.

ಈ ಸೀಮೆಯ ಆಡಳಿತ ಚರಿತ್ರೆ ವಿಶಿಷ್ಟವಾದುದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಮಕ್ತಲ್ ಮತ್ತು ನಾರಾಯಣಪೇಟೆ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿದ್ದು, ಆಮೇಲೆ ಆಂಧ್ರಪ್ರದೇಶಕ್ಕೆ ಸೇರಿದವು. ಈಗ ತೆಲಂಗಾಣದಲ್ಲಿರುವ ಈ ಸೀಮೆಯಲ್ಲಿ 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಕೃಷ್ಣಾ, ಮಾಗನೂರು, ಮಕ್ತಲ್ ಮಂಡಲಗಳ ಹಳ್ಳಿಗಳಲ್ಲಿ ಕನ್ನಡ ಮನೆಮಾತು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಬೀಗತನ, ಸಂತೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ರಾಯಚೂರು, ಯಾದಗಿರಿಗಳ ಜೊತೆ ಹೊಕ್ಕುಬಳಕೆ ಇದೆ. ಹೀಗಾಗಿ ಇಲ್ಲಿಯ ಗಂಡಸರು ಕನ್ನಡ, ತೆಲುಗು, ಉರ್ದು ಈ ಮೂರೂ ಲೋಕಗಳ ಸುಧಾರಣಾ ಚರ್ಚೆಗಳ ನಡುವೆ ಬದುಕಿದವರು, ಎರಡು ರಾಜ್ಯಗಳ ಕಾನೂನುಗಳನ್ನು ಅಕ್ಕಪಕ್ಕದಲ್ಲಿ ಕಂಡವರು.

2. ಶರಣ ಪರಂಪರೆ: ಒಪ್ಪಿಗೆ ಮತ್ತು ಪರೀಕ್ಷೆ

ಈ ನಾಡಿನಲ್ಲಿ ಗಂಡು ಹೆಣ್ಣಿನ ಸಮಾನತೆಯ ಪ್ರಶ್ನೆ ಸ್ತ್ರೀವಾದ ಬರುವುದಕ್ಕೆ ಬಹಳ ಮೊದಲೇ, 12ನೆಯ ಶತಮಾನದಲ್ಲಿ ಎದ್ದಿತ್ತು. ಮುಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರಿದ್ದರು. ಅಕ್ಕಮಹಾದೇವಿ ಗಂಡನ ಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದಳು. ಅಲ್ಲಿಂದ ಕೃಷ್ಣೆಯ ದಂಡೆಯ ಶ್ರೀಶೈಲಕ್ಕೆ ಹೋದಳು ಎಂಬುದು ಪರಂಪರೆಯ ನಂಬಿಕೆ. 15ನೆಯ ಶತಮಾನದ ಶೂನ್ಯಸಂಪಾದನೆ ಆಕೆಯ ಬರವನ್ನು ಒಂದು ಪರೀಕ್ಷೆಯಾಗಿ ನಿರೂಪಿಸುತ್ತದೆ. ಅಲ್ಲಮಪ್ರಭು ಆಕೆಯ ಗಂಡ ಯಾರೆಂದು ಕೇಳುತ್ತಾನೆ, ಉಡುಗೆ ತೊರೆದ ಮೇಲೆ ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆಂದು ಪ್ರಶ್ನಿಸುತ್ತಾನೆ. ಉತ್ತರಗಳು ಒಪ್ಪಿತವಾದ ಬಳಿಕವೇ ಆಕೆಗೆ ಶರಣರ ನಡುವೆ ಗೌರವದ ಎಡೆ ಸಿಗುತ್ತದೆ.

ಪ್ರಸಂಗವನ್ನು ಎರಡು ಬಗೆಯಲ್ಲಿ ಓದಲು ಸಾಧ್ಯ. ಹೆಣ್ಣೊಬ್ಬಳ ಅನುಭಾವವನ್ನು ತಮ್ಮದಕ್ಕೆ ಸಮನೆಂದು, ಕೆಲವೆಡೆ ಮಿಗಿಲೆಂದೂ ಒಪ್ಪಿದ ಗಂಡಸರು ಇಲ್ಲಿದ್ದಾರೆ. ಗಂಡಾಗಿ ಹುಟ್ಟಿದ ಭಕ್ತನೂ ತನ್ನನ್ನು ಸತಿಯೆಂದು, ಲಿಂಗವನ್ನು ಪತಿಯೆಂದು ಭಾವಿಸುವ ಸಾಧನೆಯನ್ನು ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದವರು ನಡೆಸಿದರು. ಹಾಗಿದ್ದರೂ ಪರೀಕ್ಷೆ ಮಾಡುವ ಅಧಿಕಾರ ಗಂಡಸಿನದೇ ಆಗಿ ಉಳಿದಿತ್ತು. ಮುಂದಿನ ಶತಮಾನಗಳಲ್ಲಿ ಈ ಪರಂಪರೆ ಮಠಗಳಾಗಿ ನೆಲೆಗೊಂಡಾಗ ಪೀಠಗಳಲ್ಲಿ ಕೂತವರು ಗಂಡಸರು. ಹೆಣ್ಣೊಬ್ಬಳು ಜಗದ್ಗುರು ಪೀಠವೇರಲು 1970ರವರೆಗೆ ಕಾಯಬೇಕಾಯಿತು. ಆ ವರ್ಷ ಧಾರವಾಡದಲ್ಲಿ ಮಾತೆ ಮಹಾದೇವಿ ಪೀಠಕ್ಕೆ ಬಂದರು. ಅವರನ್ನು ಆ ಸ್ಥಾನಕ್ಕೆ ತಂದವರು ಅವರ ಗುರು ಲಿಂಗಾನಂದ ಸ್ವಾಮಿಗಳು. ಹೆಣ್ಣನ್ನು ಹೊಗಳುವುದಕ್ಕಿಂತ ಹೆಣ್ಣಿಗೆ ಪೀಠ ಬಿಟ್ಟುಕೊಡುವುದು ಎಷ್ಟು ತಡವಾಗಿ ನಡೆಯುವ ಕೆಲಸ ಎಂಬುದಕ್ಕೆ ಈ ಎಂಟು ಶತಮಾನಗಳ ಅಂತರ ಸಾಕ್ಷಿ. ಲಿಂಗಾಯತರು ಗಣನೀಯ ಸಂಖ್ಯೆಯಲ್ಲಿರುವ ನಾರಾಯಣಪೇಟೆ, ಮಕ್ತಲ್ ಭಾಗದಲ್ಲಿ ಅಕ್ಕನ ಹೆಸರು ಮನೆಮನೆಯ ಮಾತು. ಅಕ್ಕನನ್ನು ಪೂಜಿಸುವ ಮನೆಯಲ್ಲೇ ಮಗಳ ಆಸ್ತಿಯ ಪಾಲು ಜಗಳಕ್ಕೆ ಕಾರಣವಾಗುವ ವಿರೋಧಾಭಾಸ ಇಂದಿಗೂ ಬಗೆಹರಿದಿಲ್ಲ.

ಅರಸೊತ್ತಿಗೆಯಲ್ಲೂ ಹೆಣ್ಣಿನ ಅಧಿಕಾರಕ್ಕೆ ಷರತ್ತಿನ ಒಪ್ಪಿಗೆ ಇತ್ತು. ಗದ್ವಾಲ ಸಂಸ್ಥಾನದ ಕೊನೆಯ ಒಡತಿ ಮಹಾರಾಣಿ ಆದಿಲಕ್ಷ್ಮೀದೇವಮ್ಮ 1924ರಿಂದ 1949ರವರೆಗೆ ಆಳಿದರು. ರಾಜನ ಬಳಿಕ ವಂಶದ ಹಕ್ಕು ಉಳಿಯಬೇಕೆಂಬ ಕಾರಣಕ್ಕೆ ಸಿಕ್ಕ ಮಾನ್ಯತೆ ಅದು. ಸಾಮಾನ್ಯ ಹೆಂಗಸಿನ ಹಕ್ಕಿನ ಮಾತಾಗಿ ಅದು ಬೆಳೆಯಲಿಲ್ಲ.

3. ಸುಧಾರಣೆಯ ಕಾಲ: ಯಾವ ಜಾತಿಗೆ ಯಾವ ಪ್ರಶ್ನೆ

19ನೆಯ ಶತಮಾನದ ಸುಧಾರಕರಲ್ಲಿ ಹೆಚ್ಚಿನವರು ಗಂಡಸರು. 1881ರ ಡಿಸೆಂಬರ್ 11ರಂದು ರಾಜಮಂಡ್ರಿಯಲ್ಲಿ ಕಂದುಕೂರಿ ವೀರೇಶಲಿಂಗಂ ತೆಲುಗು ನಾಡಿನ ಮೊದಲ ವಿಧವಾವಿವಾಹವನ್ನು ನಡೆಸಿಕೊಟ್ಟರು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಕಾದಂಬರಿ ವಿಧವೆಯ ಓದು ಮತ್ತು ಮರುಮದುವೆಯನ್ನು ಕನ್ನಡದ ಓದುಗರ ಮುಂದಿಟ್ಟಿತು. ವಿರೋಧವೂ ಅಷ್ಟೇ ಬಲವಾಗಿತ್ತು. ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾನೂನನ್ನು ಬಾಲಗಂಗಾಧರ ತಿಲಕರು ಎದುರಿಸಿದ್ದು ಧರ್ಮದಲ್ಲಿ ಪರಕೀಯ ಸರ್ಕಾರ ಕೈಹಾಕಬಾರದೆಂಬ ವಾದದಿಂದ. ಮನೆಯೊಳಗಿನ ಗಂಡಾಳಿಕೆಯನ್ನು ದೇಶಾಭಿಮಾನದ ಹೆಸರಿನಲ್ಲಿ ಕಾಯುವ ಈ ಜಾಡು ಮುಂದೆಯೂ ಸವೆಯಲಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಹೆಣ್ಣಿನ ಪ್ರಶ್ನೆ ಭಾಷೆಯ ಪ್ರಶ್ನೆಯೊಂದಿಗೆ ಹೆಣೆದುಕೊಂಡಿತು. 1921ರ ನವೆಂಬರಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ಸಮಾಜ ಸುಧಾರಣಾ ಸಮ್ಮೇಳನ ಸೇರಿತು. ಅಧ್ಯಕ್ಷರು ಧೋಂಡೋ ಕೇಶವ ಕರ್ವೆ. ಅವರು 1893ರಲ್ಲಿ ವಿಧವೆಯನ್ನು ಮದುವೆಯಾಗಿ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು. ಆ ಸಭೆಯಲ್ಲಿ ವಕೀಲ ಅಲ್ಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಮಾತಾಡಲು ಎದ್ದಾಗ ಸಭಿಕರು ಗೇಲಿ ಮಾಡಿದರು. ಆ ಅವಮಾನದಿಂದ ಆಂಧ್ರ ಜನಸಂಘ ಹುಟ್ಟಿತು. ಸುಧಾರಣೆಗಾಗಿ ಸೇರಿದ ಸಭೆ ಚರಿತ್ರೆಯಲ್ಲಿ ಉಳಿದದ್ದು ಭಾಷಾಭಿಮಾನದ ಮೂಲವಾಗಿ. ಗಂಡಸರ ಸಾರ್ವಜನಿಕ ಬದುಕಿನಲ್ಲಿ ಹೆಣ್ಣಿನ ವಿಷಯ ಎಷ್ಟು ಬೇಗ ಹಿಂದಕ್ಕೆ ಸರಿಯಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಆದರೂ ಆ ಜನಸಂಘದಿಂದ ಬೆಳೆದ ಆಂಧ್ರ ಮಹಾಸಭೆ ಹೆಂಗಸರನ್ನು ಪೂರ್ತಿ ಮರೆಯಲಿಲ್ಲ. 1930ರಲ್ಲಿ ಜೋಗಿಪೇಟೆಯಲ್ಲಿ ನಡೆದ ಮೊದಲ ಮಹಾಸಭೆಗೆ ಸುರವರಂ ಪ್ರತಾಪರೆಡ್ಡಿ ಅಧ್ಯಕ್ಷರು. ಗದ್ವಾಲ ಸೀಮೆಯಲ್ಲಿ 1896ರಲ್ಲಿ ಹುಟ್ಟಿದ ಅವರು 1926ರಿಂದ ಗೋಲಕೊಂಡ ಪತ್ರಿಕೆ ನಡೆಸಿದವರು. ಅದೇ ಜೋಗಿಪೇಟೆಯಲ್ಲಿ ನಡಿಂಪಲ್ಲಿ ಸುಂದರಮ್ಮನವರ ಅಧ್ಯಕ್ಷತೆಯಲ್ಲಿ ಮೊದಲ ಮಹಿಳಾ ಸಭೆಯೂ ನಡೆಯಿತು. ಬಾಲ್ಯವಿವಾಹ ತಡೆ, ವಿಧವಾವಿವಾಹ, ಹೆಣ್ಣುಮಕ್ಕಳ ಓದು ಇಂಥ ಸಭೆಗಳ ಮುಖ್ಯ ವಿಷಯಗಳು. 1928ರಲ್ಲಿ ಮಾಡಪಾಟಿ ಹನುಮಂತರಾವ್ ಹೈದರಾಬಾದಿನಲ್ಲಿ ಹುಡುಗಿಯರಿಗಾಗಿ ತೆಲುಗು ಶಾಲೆ ತೆರೆದರು. ಈ ಗಂಡಸರ ಕಳಕಳಿ ಪ್ರಾಮಾಣಿಕವಾದುದು. ಹೆಂಗಸರ ಸಭೆ ಮಾತ್ರ ಗಂಡಸರ ಸಭೆಯ ಜೊತೆಗೆ ಬೇರೆಯಾಗಿ ನಡೆಯುತ್ತಿತ್ತು. ರಾಜಕೀಯ ನಿರ್ಣಯಗಳ ಮುಖ್ಯ ವೇದಿಕೆ ಬೇರೆಯೇ ಆಗಿತ್ತು.

ಸುಧಾರಕರು ಯಾವ ಹೆಣ್ಣಿನ ಕಷ್ಟವನ್ನು ಕಂಡರು ಎಂಬುದನ್ನು ಅವರ ಜಾತಿ ನಿರ್ಧರಿಸಿತು. ಕೇಶಮುಂಡನ, ವಿಧವೆಯ ಬಾಳು ಮೇಲ್ಜಾತಿಗಳ ಮನೆಯೊಳಗಿನ ದುಃಖಗಳು. ದುಡಿಯುವ ಜಾತಿಗಳಲ್ಲಿ ಉಡಿಕೆ ಅಥವಾ ಕೂಡಿಕೆ ಮದುವೆ ಮೊದಲೇ ಇತ್ತು. ದಲಿತ ಹುಡುಗಿಯರನ್ನು ದೇವತೆಗೆ ಬಿಟ್ಟು ಊರ ಗಂಡಸರ ಭೋಗಕ್ಕೆ ಒಡ್ಡುವ ಜೋಗಿನಿ ಪದ್ಧತಿ ಮೇಲ್ಜಾತಿಯ ಸುಧಾರಕರ ಪಟ್ಟಿಯಲ್ಲಿ ಮುಂದೆ ಬರಲಿಲ್ಲ. ಅದನ್ನು ಎತ್ತಿದವರು ದಲಿತ ನಾಯಕ ಭಾಗ್ಯರೆಡ್ಡಿ ವರ್ಮ. 1888ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ಅವರು ಆದಿಹಿಂದೂ ಚಳವಳಿಯ ಭಾಗವಾಗಿ ಜೋಗಿನಿ ಮತ್ತು ಅಂಥವೇ ಆದ ಬಸವಿ, ಮುರಳಿ ಪದ್ಧತಿಗಳ ವಿರುದ್ಧ ಸಂಸ್ಥಾನದುದ್ದಕ್ಕೂ ಪ್ರಚಾರ ನಡೆಸಿದರು. ಮಹಬೂಬನಗರದ ಪಶ್ಚಿಮ ಭಾಗದಲ್ಲಿ, ಎಂದರೆ ಮಕ್ತಲ್, ಊಟ್ಕೂರು, ನಾರಾಯಣಪೇಟೆಗಳ ಸುತ್ತ, ಈ ಪದ್ಧತಿ ಬಲವಾಗಿ ಬೇರೂರಿತ್ತು. ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿದವು. ಕಾನೂನು ಬಂದ ಮೇಲೂ ಅದನ್ನು ತಡೆಯುವ ಹೊಣೆ ಹೊತ್ತು ಹಳ್ಳಿ ತಿರುಗಿದವರಲ್ಲಿ ಈ ಬದುಕನ್ನು ಉಂಡುಬಂದ ಹೆಂಗಸರೇ ಮುಂದಿದ್ದರು. ಪದ್ಧತಿಯ ಲಾಭ ಪಡೆದ ಗಂಡಸರ ಪ್ರತಿಕ್ರಿಯೆ ಬಹುಪಾಲು ಮೌನ. ಈ ಮೌನವನ್ನೂ ವಿರೋಧದ ಒಂದು ರೂಪವೆಂದೇ ಎಣಿಸಬೇಕು, ಏಕೆಂದರೆ ಜೋಗಿನಿಯ ಮಕ್ಕಳಿಗೆ ತಂದೆಯ ಹೆಸರು ಮತ್ತು ಪಾಲು ಸಿಗದಂತೆ ಮಾಡಿದ್ದು ಅದೇ.

4. ಹೋರಾಟದ ಸಾಲಿನಿಂದ ಮನೆಗೆ

1946ರಿಂದ 1951ರವರೆಗೆ ನಡೆದ ತೆಲಂಗಾಣ ರೈತ ಸಶಸ್ತ್ರ ಹೋರಾಟದ ಮುಖ್ಯ ಕ್ಷೇತ್ರ ನಲ್ಗೊಂಡ, ವರಂಗಲ್, ಖಮ್ಮಂ ಭಾಗ. ಅದರ ಪ್ರಭಾವ ಇಡೀ ಸಂಸ್ಥಾನದ ಮೇಲಿತ್ತು. ಸಾವಿರಾರು ಹೆಂಗಸರು ಅದರಲ್ಲಿ ಭಾಗಿಯಾದರು. ಚಾಕಲಿ ಐಲಮ್ಮ ತನ್ನ ಹೊಲಕ್ಕಾಗಿ ದೇಶಮುಖನ ಎದುರು ನಿಂತರೆ, ಮಲ್ಲು ಸ್ವರಾಜ್ಯಂ ದಳಗಳಲ್ಲಿ ಬಂದೂಕು ಹಿಡಿದರು. ಹೋರಾಟ ಮುಗಿದ ಬಳಿಕ ನಾಯಕತ್ವದ ನಿಲುವು ಬದಲಾಯಿತು. ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆ ಈ ಹೆಂಗಸರನ್ನು ಮಾತಾಡಿಸಿ 1986ರಲ್ಲಿ ತೆಲುಗಿನಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಅವರ ನೆನಪುಗಳನ್ನು ಪ್ರಕಟಿಸಿತು. ಮನೆಗೆ ಮರಳಿ ಸಂಸಾರ ನೋಡಿಕೊಳ್ಳಿ ಎಂಬ ಸೂಚನೆ ತಮಗೆ ಬಂದಿತೆಂದು, ಅದರ ನೋವು ಮಾಸಿಲ್ಲವೆಂದು ಹಲವರು ಹೇಳಿದರು.

ವರ್ಗಸಮಾನತೆಯಲ್ಲಿ ನಂಬಿಕೆ ಇಟ್ಟ ಗಂಡಸರೂ ಹೆಣ್ಣಿನ ಪ್ರಶ್ನೆಯನ್ನು ಆಮೇಲೆ ನೋಡುವ ವಿಷಯವೆಂದು ಬಗೆದದ್ದು ಇಲ್ಲಿ ಸ್ಪಷ್ಟ. ಜಾತಿ ಮತ್ತು ಲಿಂಗ ಎರಡನ್ನೂ ಒಟ್ಟಿಗೆ ಹಿಡಿದವರಲ್ಲಿ ಬಿ.ಆರ್. ಅಂಬೇಡ್ಕರ್ ಪ್ರಮುಖರು. ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದಾಗ 1951ರಲ್ಲಿ ಅವರು ಕೇಂದ್ರ ಸಚಿವ ಪದವಿಗೆ ರಾಜೀನಾಮೆ ಕೊಟ್ಟರು. ರಾಜೀನಾಮೆಗೆ ಬೇರೆ ಕಾರಣಗಳೂ ಇದ್ದವು. ಆದರೂ ಹೆಂಗಸರ ಆಸ್ತಿಹಕ್ಕನ್ನು ಅಧಿಕಾರಕ್ಕಿಂತ ದೊಡ್ಡದೆಂದು ಕಂಡ ಆ ನಡೆ ಪೋಷಕ ಬೆಂಬಲದ ಗಡಿಯನ್ನು ದಾಟಿದ ಅಪರೂಪದ ಉದಾಹರಣೆ.

5. ಸಾಹಿತ್ಯದ ಅಂಗಳ

ಬರಹದ ಲೋಕದಲ್ಲೂ ಇದೇ ಜಾಡು ಕಾಣುತ್ತದೆ. ತೆಲುಗಿನ ಚಲಂ ಹೆಣ್ಣಿನ ಕಾಮ ಮತ್ತು ಸ್ವಾತಂತ್ರ್ಯದ ಬಗ್ಗೆ ಬರೆದು ಸಮಾಜದ ಬಹಿಷ್ಕಾರವನ್ನು ಅನುಭವಿಸಿದರು. ಅವರ ಮೈದಾನಂ 1927ರ ಕೃತಿ. ಕನ್ನಡದಲ್ಲಿ ಕುವೆಂಪು 1966ರಲ್ಲಿ ತಮ್ಮ ಮಗನ ಮದುವೆಗೆ ಮಂತ್ರಮಾಂಗಲ್ಯವನ್ನು ರಚಿಸಿ, ಗಂಡುಹೆಣ್ಣು ಸಮಾನರೆಂಬ ಮಾತಿನ ಮೇಲೆ ಮದುವೆಯನ್ನು ನಿಲ್ಲಿಸಿದರು. ಸಾಹಿತ್ಯ ಸಂಸ್ಥೆಗಳು ಅಷ್ಟು ಬೇಗ ಬದಲಾಗಲಿಲ್ಲ. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾಗಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಬಂದದ್ದು 1974ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕನ್ನಡದ ಲೇಖಕಿಗೆ ಮೊದಲು ಸಂದದ್ದು 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣರ ಬದುಕು ಕಾದಂಬರಿಗೆ. ಈ ಇಬ್ಬರೂ ಗಡಿಸೀಮೆಗಳಿಂದ ಬಂದವರು ಎಂಬುದು ಗಮನಾರ್ಹ.

1979ರ ಬಂಡಾಯ ಸಾಹಿತ್ಯ ಸಂಘಟನೆ ಮತ್ತು 1980ರಲ್ಲಿ ಹುಟ್ಟಿದ ಲಂಕೇಶ್ ಪತ್ರಿಕೆ ಗಂಡಸರ ಮುಂದಾಳುತನದಲ್ಲಿ ನಡೆದರೂ ಲೇಖಕಿಯರಿಗೆ ನಿಜವಾದ ಎಡೆ ಮಾಡಿಕೊಟ್ಟವು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಬಾನು ಮುಷ್ತಾಕ್ ಅದೇ ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಮುಸ್ಲಿಂ ಸಮುದಾಯದೊಳಗಿನ ಗಂಡಸರ ಪ್ರತಿಕ್ರಿಯೆ ಕಟುವಾಗಿತ್ತು. ಮಸೀದಿ ಪ್ರವೇಶದ ಹಕ್ಕನ್ನು ಕೇಳಿದ್ದಕ್ಕೆ ಬಾನು ಮುಷ್ತಾಕ್ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅಭಿನಂದನೆಗಳು ಎಲ್ಲ ಕಡೆಯಿಂದ ಹರಿದುಬಂದವು. ತೆಲುಗಿನಲ್ಲಿ 1993ರ ನೀಲಿ ಮೇಘಾಲು ಸಂಕಲನದ ಸುತ್ತ ಎದ್ದ ಚರ್ಚೆಯಲ್ಲಿ ಸ್ತ್ರೀವಾದಿ ಕವಿತೆಗೆ ಅಶ್ಲೀಲತೆಯ ಆರೋಪ ಅಂಟಿತು. ಹೆಣ್ಣು ಕರುಣಾಜನಕ ಪಾತ್ರವಾಗಿ ಬಂದಾಗ ಮೆಚ್ಚಿದ ವಿಮರ್ಶೆ, ಅವಳೇ ತನ್ನ ಮೈಯ ಬಗ್ಗೆ ಮಾತಾಡಿದಾಗ ಹುಬ್ಬು ಗಂಟಿಕ್ಕಿತು.

6. ಸಾರಾಯಿ ವಿರೋಧ ಮತ್ತು ಸಂಘಗಳು

ಹಳ್ಳಿಯ ಗಂಡಸು ಹೆಂಗಸರ ಸಂಘಟಿತ ಶಕ್ತಿಯನ್ನು ಕಣ್ಣಾರೆ ಕಂಡದ್ದು ಸಾರಾಯಿ ವಿರೋಧಿ ಚಳವಳಿಯಲ್ಲಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಹಬ್ಬಿದ ಈ ಚಳವಳಿಯ ಒತ್ತಡಕ್ಕೆ ಮಣಿದು ಆಂಧ್ರಪ್ರದೇಶ ಸರ್ಕಾರ 1993ರ ಅಕ್ಟೋಬರ್‌ನಿಂದ ಸಾರಾಯಿಯನ್ನು, 1995ರ ಜನವರಿಯಿಂದ ಎಲ್ಲ ಮದ್ಯವನ್ನು ನಿಷೇಧಿಸಿತು. 1997ರಲ್ಲಿ ಪೂರ್ಣ ನಿಷೇಧವನ್ನು ಸಡಿಲಿಸಲಾಯಿತು. ಗಡಿಯಾಚೆ ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈವರೆಗೆ ಕಾನೂನುಬದ್ಧವಾಗಿತ್ತು. ಗಂಡಸರ ಪ್ರತಿಕ್ರಿಯೆ ಇಲ್ಲಿ ಒಂದೇ ಆಗಿರಲಿಲ್ಲ. ಗುತ್ತಿಗೆದಾರರು ಬಹಿರಂಗವಾಗಿ ಎದುರಿಸಿದರು; ಪಕ್ಷಗಳು ಚಳವಳಿಯನ್ನು ಚುನಾವಣೆಯ ಭರವಸೆಯಾಗಿ ಮಾಡಿಕೊಂಡವು; ಅನೇಕ ಶಿಕ್ಷಕರು, ಸಾಕ್ಷರತಾ ಆಂದೋಲನದ ಕಾರ್ಯಕರ್ತರು ಹೆಂಗಸರ ಜೊತೆ ನಿಂತರು. ಹೆಂಡತಿ, ತಾಯಿ ಎಂಬ ನೆಲೆಯಲ್ಲಿ ಎದ್ದ ಬೇಡಿಕೆಯಾದ್ದರಿಂದ ಅದನ್ನು ಒಪ್ಪುವುದು ಗಂಡಸರಿಗೆ ಸುಲಭವಾಯಿತು. ಹೊಡೆತ, ಬಡಿತ, ಕೂಲಿ ಹಣದ ಹಿಡಿತದ ಮಾತು ಬಂದಾಗ ಅದೇ ಬೆಂಬಲ ತೆಳುವಾಯಿತು.

1993ರಲ್ಲಿ ಮಹಬೂಬನಗರ ಮತ್ತು ಮೆದಕ್ ಜಿಲ್ಲೆಗಳಲ್ಲಿ ಆರಂಭವಾದ ಮಹಿಳಾ ಸಮತಾ ಕಾರ್ಯಕ್ರಮ, ಗಡಿಯಾಚೆಯ ಮಹಿಳಾ ಸಮಖ್ಯಾ, 2000ದ ಬಳಿಕ ವೆಲುಗು ಯೋಜನೆಯಡಿ ಬೆಳೆದ ಸ್ವಸಹಾಯ ಸಂಘಗಳು ಹಳ್ಳಿಯ ಹೆಂಗಸರಿಗೆ ಸಭೆ ಸೇರುವ ರೂಢಿ ಮಾಡಿಸಿದವು. ಮೊದಮೊದಲು ಸಂಘಕ್ಕೆ ಹೋಗುವುದನ್ನು ಹೀಯಾಳಿಸುತ್ತಿದ್ದ ಗಂಡಸರು ಸಾಲ ಸಿಗತೊಡಗಿದ ಮೇಲೆ ತಾವೇ ಕಳಿಸತೊಡಗಿದರು. ಸಾಲ ಅವಳ ಹೆಸರಿಗೆ, ಖರ್ಚು ಅವನ ಕೈಗೆ ಎಂಬ ಸ್ಥಿತಿ ಹಲವು ಮನೆಗಳದು. ಆದರೂ ಸಂಘಗಳು ಹಣದಾಚೆಗೂ ಬೆಳೆದಿವೆ. 2025ರ ಫೆಬ್ರವರಿಯಲ್ಲಿ ನಾರಾಯಣಪೇಟೆಯಲ್ಲಿ ಸಂಘಗಳ ಒಕ್ಕೂಟವಾದ ಜಿಲ್ಲಾ ಮಹಿಳಾ ಸಮಾಖ್ಯ ನಡೆಸುವ ಪೆಟ್ರೋಲ್ ಬಂಕ್ ಆರಂಭವಾಯಿತು. ಗಂಡಸರದೇ ಎನಿಸಿದ್ದ ಹೆದ್ದಾರಿ ವ್ಯಾಪಾರವೊಂದರಲ್ಲಿ ಹೆಂಗಸರು ಒಡೆತನದ ನೆಲೆಯಲ್ಲಿ ಕಾಣಿಸಿಕೊಂಡದ್ದು ಸಣ್ಣ ಬದಲಾವಣೆಯಲ್ಲ.

7. ಹೊಲ ಮತ್ತು ಪಾಲು

ಗಂಡಸರ ಪ್ರತಿಕ್ರಿಯೆಯ ನಿಜವಾದ ಒರೆಗಲ್ಲು ಭೂಮಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರಿಗೆ ಆಸ್ತಿಯಲ್ಲಿ ಕೆಲವು ಹಕ್ಕುಗಳನ್ನು ಕೊಟ್ಟಿತ್ತು. 1956ರ ಉತ್ತರಾಧಿಕಾರ ಕಾನೂನು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟರೂ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗನ ಜನ್ಮಸಿದ್ಧ ಹಕ್ಕನ್ನು ಹಾಗೆಯೇ ಉಳಿಸಿತು. ಆಂಧ್ರಪ್ರದೇಶ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬರುವಂತೆ ಅವಿವಾಹಿತ ಮಗಳಿಗೂ ಆ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. ಕರ್ನಾಟಕದಲ್ಲಿ ಅಂಥದೇ ತಿದ್ದುಪಡಿ ಬಂದದ್ದು 1994ರಲ್ಲಿ. ಇಡೀ ದೇಶಕ್ಕೆ 2005ರಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು.

ಇದರಿಂದ ಗಡಿಸೀಮೆಯಲ್ಲಿ ವಿಚಿತ್ರ ಸ್ಥಿತಿ ಉಂಟಾಯಿತು. ಒಂದೇ ಜಾತಿ, ಒಂದೇ ಮಾತು, ಪರಸ್ಪರ ಬೀಗತನವಿರುವ ಕುಟುಂಬಗಳಲ್ಲಿ ಮಕ್ತಲ್ ಕಡೆಯ ಮಗಳಿಗೆ ಕಾನೂನಿನಲ್ಲಿ ದೊರೆತ ಹಕ್ಕು, ನದಿಯಾಚೆಯ ರಾಯಚೂರಿನ ಮಗಳಿಗೆ ಒಂಬತ್ತು ವರ್ಷ ತಡವಾಗಿ ಬಂತು. ಕಾನೂನು ಬೇರೆಯಾದರೂ ಅಣ್ಣತಮ್ಮಂದಿರ ನಡವಳಿಕೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮದುವೆಯ ಖರ್ಚು, ವರದಕ್ಷಿಣೆ, ಬಂಗಾರ, ಹಬ್ಬಹುಣ್ಣಿಮೆಯ ಉಡುಗೊರೆಗಳನ್ನೇ ಪಾಲೆಂದು ಎಣಿಸುವುದು. ಹೊಲ ಮಾರುವ ಅಥವಾ ಭಾಗ ಮಾಡಿಕೊಳ್ಳುವ ಹೊತ್ತಿಗೆ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದು. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುವುದು. ತವರನ್ನು ಕಳೆದುಕೊಳ್ಳುವ ಭಯದಿಂದ ಹೆಂಗಸರೇ ಸಹಿ ಹಾಕುತ್ತಾರೆ, ಗಂಡಸರು ಅದನ್ನು ಪ್ರೀತಿಯೆಂದು ಬಣ್ಣಿಸುತ್ತಾರೆ. ವರದಕ್ಷಿಣೆ 1961ರಿಂದಲೂ ನಿಷಿದ್ಧವಾಗಿರುವುದು ಈ ಲೆಕ್ಕಾಚಾರದಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಪಟ್ಟಾ ಗಂಡಸಿನ ಹೆಸರಿನಲ್ಲಿರುವುದರ ಪರಿಣಾಮ ನಿತ್ಯದ್ದು. 2018ರಲ್ಲಿ ತೆಲಂಗಾಣ ಆರಂಭಿಸಿದ ರೈತಬಂಧು ಯೋಜನೆಯ ಹಣ ಪಟ್ಟಾದಾರರಿಗೆ ಸಂದಾಯವಾಯಿತು. ಹೊಲದಲ್ಲಿ ಬಿತ್ತಿ, ಕಳೆ ತೆಗೆದು, ಸುಗ್ಗಿ ಮಾಡುವ ಹೆಂಗಸು ಪಟ್ಟಾ ಇಲ್ಲದ್ದರಿಂದ ಲೆಕ್ಕಕ್ಕೆ ಸಿಗಲಿಲ್ಲ. ಪಾಲಮೂರಿನ, ಎಂದರೆ ಮಹಬೂಬನಗರದ, ವಲಸೆ ಹೆಸರಾದದ್ದು. ಗಂಡಸರು ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋದಾಗ ಬೇಸಾಯದ ಪೂರ್ತಿ ಹೊರೆ ಹೆಂಗಸರ ಮೇಲೆ ಬೀಳುತ್ತದೆ. ಗದ್ವಾಲ ಭಾಗದ ಹೈಬ್ರಿಡ್ ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಹೆಂಗಸರದು, ಹುಡುಗಿಯರದು. ಮಗಳ ದುಡಿಮೆಯ ಮೇಲೆ ಮುಂಗಡ ಪಡೆದು ಅವಳನ್ನು ಶಾಲೆ ಬಿಡಿಸಿದ ತಂದೆಯರ ಬಗ್ಗೆ ಬಾಲಕಾರ್ಮಿಕರ ಪರ ಕೆಲಸ ಮಾಡುವ ಸಂಸ್ಥೆಗಳು 1990ರ ದಶಕದಿಂದ ಎಚ್ಚರಿಸುತ್ತ ಬಂದಿವೆ. 2011ರ ಜನಗಣತಿಯ ಲೆಕ್ಕದಲ್ಲಿ ಈ ಎರಡು ಜಿಲ್ಲೆಗಳ ಒಟ್ಟು ಸಾಕ್ಷರತೆಯೇ ಶೇ. 50ರ ಆಸುಪಾಸಿನಲ್ಲಿತ್ತು, ಹೆಣ್ಣುಮಕ್ಕಳದು ಇನ್ನೂ ಕೆಳಗೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಹತ್ತನೆಯ ತರಗತಿಯ ಬಳಿಕ ಕನ್ನಡದಲ್ಲೇ ಮುಂದುವರಿಯಲು ರಾಯಚೂರಿಗೋ ಯಾದಗಿರಿಗೋ ಹೋಗಬೇಕು. ಅವಳನ್ನು ಕಳಿಸುವ ತಂದೆ ಯಾವ ವಾದದ ಹೆಸರನ್ನೂ ಹೇಳದೆ ಸ್ತ್ರೀವಾದದ ಕೆಲಸ ಮಾಡುತ್ತಾನೆ; ಅಂಥ ತಂದೆಯರಿಂದಲೇ ಈ ಸೀಮೆಯ ಶಿಕ್ಷಕಿಯರು, ದಾದಿಯರು ರೂಪುಗೊಂಡಿದ್ದಾರೆ.

8. ಮಗ್ಗದ ಮನೆ

ನಾರಾಯಣಪೇಟೆ ಮತ್ತು ಗದ್ವಾಲ ಸೀರೆಗಳು ಈ ಸೀಮೆಯ ಹೆಸರನ್ನು ದೇಶಕ್ಕೆ ಸಾರಿವೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಗದ್ವಾಲ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಹೆಣೆಯುತ್ತಾರೆ. ಕುಣಿಮಗ್ಗದಲ್ಲಿ ಕೂತು ಲಾಳಿ ಆಡಿಸುವವನು ಸಾಮಾನ್ಯವಾಗಿ ಗಂಡಸು. ನೂಲು ಬಿಡಿಸುವುದು, ರಾಟೆಯಲ್ಲಿ ಕಂಡಿಕೆ ಸುತ್ತುವುದು, ಹಾಸು ಹೂಡಲು ನೆರವಾಗುವುದು ಹೆಂಗಸರ ಕೆಲಸ. ಈ ದುಡಿಮೆ ಇಲ್ಲದೆ ಸೀರೆ ಇಲ್ಲ. ಆದರೂ ನೇಕಾರ ಎಂದರೆ ಗಂಡಸು ಎಂಬ ಎಣಿಕೆ ಸಹಕಾರ ಸಂಘದ ಸದಸ್ಯತ್ವದಲ್ಲೂ ಮಾಸ್ಟರ್ ವೀವರ್ ಕೊಡುವ ಕೂಲಿಯಲ್ಲೂ ಗಟ್ಟಿಯಾಗಿದೆ. ಮನೆಯ ಇಬ್ಬರು ಮೂವರ ದುಡಿಮೆಗೆ ಸೀರೆಯೊಂದಕ್ಕೆ ಇಷ್ಟೆಂದು ಒಂದೇ ಕೂಲಿ ಬರುತ್ತದೆ, ಅದು ಒಬ್ಬನ ಕೈಗೆ ಬರುತ್ತದೆ.

ಇಲ್ಲಿಯ ಗಂಡಸರಲ್ಲಿ ಹಗೆತನವೇನೂ ಕಾಣುವುದಿಲ್ಲ. ಹೆಂಡತಿಯ ಕೆಲಸದ ಬೆಲೆ ನೇಕಾರನಿಗೆ ಚೆನ್ನಾಗಿ ಗೊತ್ತು. ಸಾಲದಲ್ಲಿ ನಲುಗುವ ಅವನೂ ಶೋಷಿತನೇ. ಹಾಗಿದ್ದೂ ಅವಳ ಹೆಸರು ದಾಖಲೆಗೆ ಬರಬೇಕೆಂಬ ಬೇಡಿಕೆ ನೇಕಾರರ ಹೋರಾಟಗಳಲ್ಲಿ ಮುಂಚೂಣಿಗೆ ಬಂದಿಲ್ಲ. ಪ್ರೀತಿ, ಸಹಬಾಳ್ವೆಗಳಷ್ಟರಿಂದಲೇ ಸಮಾನತೆ ಬರುವುದಿಲ್ಲ ಎಂಬುದನ್ನು ಮಗ್ಗದ ಮನೆ ತೋರಿಸಿಕೊಡುತ್ತದೆ.

9. ಪಂಚಾಯಿತಿಯ ಕುರ್ಚಿ

ರಾಜಕೀಯ ಮೀಸಲಾತಿಯಲ್ಲೂ ಎರಡು ರಾಜ್ಯಗಳ ಕಾಲಮಾನ ಬೇರೆ. ಕರ್ನಾಟಕದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. ಗಡಿಯ ಈಚೆಗೆ ಮೂರನೆಯ ಒಂದು ಭಾಗದ ಮೀಸಲಾತಿ 73ನೆಯ ತಿದ್ದುಪಡಿಯ ಬಳಿಕ 1995ರ ಚುನಾವಣೆಯಲ್ಲಿ ಬಂತು. ತೆಲಂಗಾಣದ 2018ರ ಕಾಯ್ದೆಯಲ್ಲಿ ಅದು ಅರ್ಧ. ಗಂಡಸರ ಮೊದಲ ಪ್ರತಿಕ್ರಿಯೆ ಹೆಂಡತಿಯನ್ನೋ ತಾಯಿಯನ್ನೋ ನಿಲ್ಲಿಸಿ ಅಧಿಕಾರವನ್ನು ತಾವೇ ನಡೆಸುವುದು. ಸಭೆಯಲ್ಲಿ ಗಂಡ ಮಾತಾಡುತ್ತಾನೆ, ಅಧಿಕಾರಿಗಳೂ ಅವನಿಗೇ ಫೋನ್ ಮಾಡುತ್ತಾರೆ. ಈ ಬದಲಿ ಆಡಳಿತ ದೇಶದುದ್ದಕ್ಕೂ ಹಬ್ಬಿದ್ದರಿಂದ 2023ರಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಅದರ ತಡೆಗೆ ಸಮಿತಿ ರಚಿಸಬೇಕಾಯಿತು. ಕಾಲ ಕಳೆದಂತೆ ಎರಡನೆಯ ಅವಧಿಗೆ ಬಂದ, ಸ್ವಸಹಾಯ ಸಂಘದಲ್ಲಿ ಪಳಗಿದ ಸರಪಂಚರು ಗಂಡನ ನೆರಳಿನಿಂದ ಹೊರಬಂದದ್ದೂ ಉಂಟು.

ಮೇಲಿನ ಹಂತದಲ್ಲಿ ಚಿತ್ರ ಬೇರೆ. ಡಿ.ಕೆ. ಅರುಣಾ 2004, 2009, 2014ರಲ್ಲಿ ಗದ್ವಾಲದಿಂದ ಶಾಸಕಿಯಾಗಿ ಆಯ್ಕೆಯಾದರು, ಸಚಿವೆಯಾದರು, 2024ರಲ್ಲಿ ಮಹಬೂಬನಗರದ ಸಂಸದೆಯಾದರು. 2023ರಲ್ಲಿ ಚಿಟ್ಟೆಂ ಪರ್ಣಿಕಾ ರೆಡ್ಡಿ ನಾರಾಯಣಪೇಟೆಯ ಶಾಸಕಿಯಾದರು. ಇಬ್ಬರೂ ಒಂದೇ ರಾಜಕೀಯ ಮನೆತನದಿಂದ ಬಂದವರು. ಪ್ರಬಲ ಮನೆತನದ ಮಗಳ ನಾಯಕತ್ವವನ್ನು ಗಂಡು ಮತದಾರರು ಹಿಂಜರಿಯದೆ ಒಪ್ಪಿದ್ದಾರೆ. ಭೂಮಿಯೂ ಮನೆತನದ ಬಲವೂ ಇಲ್ಲದ ಹೆಂಗಸಿಗೆ ಅದೇ ಒಪ್ಪಿಗೆ ಸಿಗುವುದು ದುರ್ಲಭ.

10. ಹೊಸ ವಿರೋಧ, ಹೊಸ ರಕ್ಷಕ

21ನೆಯ ಶತಮಾನದಲ್ಲಿ ವಿರೋಧದ ಭಾಷೆ ಬದಲಾಗಿದೆ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಹಳೆಯ ಗಾದೆಯನ್ನು ಸಭೆಯಲ್ಲಿ ಹೇಳಲು ಈಗ ಗಂಡಸರು ಅಳುಕುತ್ತಾರೆ. ಅದರ ಜಾಗಕ್ಕೆ ಗಂಡಸೇ ಬಲಿಪಶು ಎಂಬ ವಾದ ಬಂದಿದೆ. ದಂಡ ಸಂಹಿತೆಗೆ 1983ರಲ್ಲಿ ಸೇರಿದ, ಹೆಂಡತಿಯ ಮೇಲಿನ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಮಿನ ದುರುಪಯೋಗವಾಗುತ್ತಿದೆಯೆಂದು 2005ರಿಂದ ಬೆಂಗಳೂರು ಮೊದಲಾದ ನಗರಗಳಲ್ಲಿ ಗಂಡಸರ ಹಕ್ಕಿನ ಸಂಘಟನೆಗಳು ಬೆಳೆದವು. ವಾಟ್ಸ್ಆ್ಯಪ್ ಮೂಲಕ ಆ ಮಾತುಗಳು ಹಳ್ಳಿ ಮುಟ್ಟಿವೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ, ತೆಲಂಗಾಣದಲ್ಲಿ ಅದೇ ವರ್ಷ ಡಿಸೆಂಬರ್ 9ರಂದು ಮಹಾಲಕ್ಷ್ಮಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಾಗ ತೆಲಂಗಾಣದ ಆಟೋ ಚಾಲಕರು ತಮ್ಮ ದುಡಿಮೆ ಕುಸಿಯಿತೆಂದು ಪ್ರತಿಭಟಿಸಿದರು. ಅವರ ಕಷ್ಟ ನಿಜವಾದದ್ದು, ಅದಕ್ಕೆ ಪರಿಹಾರ ಬೇಕು. ಅದರ ಜೊತೆಗೆ ಹೆಂಗಸರು ಸುಮ್ಮನೆ ತಿರುಗುತ್ತಾರೆಂಬ ದೂರು ಕೇಳಿಬಂದದ್ದು ಬೇರೆಯೇ ವಿಷಯ. ಹೆಣ್ಣು ಕಾರಣವಿಲ್ಲದೆ ಮನೆಯಿಂದ ಹೊರಡಬಾರದೆಂಬ ಹಳೆಯ ಕಟ್ಟಳೆ ಅದರಲ್ಲಿ ಉಸಿರಾಡುತ್ತಿದೆ.

ಪೋಷಕ ಬೆಂಬಲದ ಉಗ್ರ ರೂಪ 2019ರಲ್ಲಿ ಕಂಡುಬಂತು. ಆ ನವೆಂಬರಿನಲ್ಲಿ ಶಂಷಾಬಾದಿನ ಬಳಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ, ಕೊಲೆ ನಡೆಯಿತು. ಆರೋಪಿಗಳು ಮಕ್ತಲ್ ಸೀಮೆಯ ಯುವಕರು. ಡಿಸೆಂಬರ್ 6ರಂದು, ವಿಚಾರಣೆಗೆ ಮುನ್ನವೇ, ನಾಲ್ವರೂ ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂ ಎರಚಿದರು. ಹೈದರಾಬಾದಿನ ಮಹಿಳಾ ಹೋರಾಟಗಾರ್ತಿಯರು ನ್ಯಾಯಾಲಯದ ಮೊರೆ ಹೋಗಿ ಹೆಂಗಸರ ಹೆಸರಿನಲ್ಲಿ ಇಂಥ ಹತ್ಯೆ ಬೇಡವೆಂದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಪೊಲೀಸರ ಹೇಳಿಕೆ ನಂಬಲರ್ಹವಲ್ಲ ಎಂದು ವರದಿ ಕೊಟ್ಟಿತು. ಹೆಣ್ಣನ್ನು ಕಾಯುವ ಗಂಡಸಿನ ಚಿತ್ರಕ್ಕೆ ಎಷ್ಟು ಬೆಂಬಲವಿದೆ, ಗಂಡುಮಕ್ಕಳನ್ನು ಬೆಳೆಸುವ ರೀತಿ ಬದಲಾಗಬೇಕೆಂಬ ಮಾತಿಗೆ ಎಷ್ಟು ಕಡಿಮೆ ಬೆಂಬಲವಿದೆ ಎಂಬುದು ಆಗ ಬಯಲಾಯಿತು. ಆ ಎರಡನೆಯ ಕೆಲಸವನ್ನೇ ಗುರಿಯಾಗಿಟ್ಟುಕೊಂಡ ಸಂಘಟನೆಗಳು ದೇಶದಲ್ಲಿವೆ. 1993ರಲ್ಲಿ ಮುಂಬಯಿಯಲ್ಲಿ ಗಂಡಸರೇ ಕಟ್ಟಿದ ಮಾವಾ ಹುಡುಗರ ನಡುವೆ ಹಿಂಸೆಯ ವಿರುದ್ಧ ಕೆಲಸ ಮಾಡುತ್ತಿದೆ.

11. ಸಮಾರೋಪ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಗಂಡಸರ ಪ್ರತಿಕ್ರಿಯೆಯಲ್ಲಿ ನಾಲ್ಕು ಬಗೆಗಳು ಕಾಣುತ್ತವೆ: ಧರ್ಮ, ಮರ್ಯಾದೆಗಳ ಹೆಸರಿನ ವಿರೋಧ; ವಿರೋಧದ್ದೇ ಇನ್ನೊಂದು ರೂಪವಾಗಿ ಜೋಗಿನಿ ಪದ್ಧತಿಯ ಸುತ್ತ ಕಂಡಂಥ ಲಾಭದ ಮೌನ; ಸುಧಾರಕರಿಂದ ಸರ್ಕಾರದವರೆಗೆ ಹಬ್ಬಿದ ಪೋಷಕ ಬೆಂಬಲ; ಪೀಠ, ಪುಟ, ಪದವಿ ಬಿಟ್ಟುಕೊಟ್ಟ ಕೆಲವರ ಪಾಲುದಾರಿಕೆ. ಕಾಲ ಸರಿದಂತೆ ಒಂದು ಹೋಗಿ ಇನ್ನೊಂದು ಬಂದಿತೆಂದು ಹೇಳಲಾಗದು. ಒಬ್ಬನೇ ಗಂಡಸಿನಲ್ಲಿ ಇವು ಒಟ್ಟಿಗೆ ಇರುತ್ತವೆ. ಮಗಳನ್ನು ರಾಯಚೂರಿಗೆ ಓದಲು ಕಳಿಸುವ ತಂದೆಯೇ ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡಿರಬಹುದು.

ಆದ್ದರಿಂದ ಭಾಷಣ, ಬರಹಗಳಲ್ಲಿ ಗಂಡಸರು ಹೇಳಿದ್ದನ್ನಷ್ಟೇ ನೋಡಿದರೆ ಈ ಚರಿತ್ರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಸಬ್‌ರಿಜಿಸ್ಟ್ರಾರ್ ಕಚೇರಿಯ ಭಾಗಪತ್ರಗಳಲ್ಲಿ, ಪಟ್ಟಾ ಪುಸ್ತಕಗಳಲ್ಲಿ, ನೇಕಾರರ ಸಹಕಾರ ಸಂಘದ ಸದಸ್ಯರ ಪಟ್ಟಿಯಲ್ಲಿ, ಗ್ರಾಮಸಭೆಯ ನಡಾವಳಿಯಲ್ಲಿದೆ. ಗಡಿಯ ಎರಡೂ ಬದಿಯ ಈ ದಾಖಲೆಗಳನ್ನು ಒಟ್ಟಿಗೆ ಓದಿದರೆ ಕಾನೂನು ಎಲ್ಲಿ ನಡವಳಿಕೆಯನ್ನು ಬದಲಿಸಿತು, ಎಲ್ಲಿ ಸೋತಿತು ಎಂಬುದು ತಿಳಿಯುತ್ತದೆ. ಹೆಣ್ಣಿಗಾಗಿ ಮರುಗಿದ ಗಂಡಸರು ಈ ನಾಡಿನಲ್ಲಿ ಯಾವ ಕಾಲಕ್ಕೂ ಕಡಿಮೆಯಿರಲಿಲ್ಲ. ಅವಳ ಪಾಲನ್ನು ಅವಳ ಹೆಸರಿಗೆ ಬರೆದುಕೊಟ್ಟವರು ಕಡಿಮೆ. ಸ್ತ್ರೀವಾದಕ್ಕೆ ಗಂಡಸರು ಕೊಟ್ಟ ಉತ್ತರವನ್ನು ಅಳೆಯಬೇಕಾದದ್ದು ಈ ಎರಡನೆಯ ಲೆಕ್ಕದಿಂದ.